ಇಪ್ಪತ್ಮೂರನೇ ಪುಟ

ಗುಜರಿ ಮಲಿಕ್ ಕಿಲೋದ ಲೆಕ್ಕದಾಗ ಕೊಟ್ಟ ಡಬ್ಬಿ.
ಅದರಾಗ ಹನ್ನೊಂದು ಫ್ಲಾಪಿ, ಒಂದು ಒಣಗಿದ ಹಲ್ಲಿ,
ಚೀಟಿ ಮ್ಯಾಲೆ ಕೋಟಬಾಗಿ ಸರ್ ಅವರ ದುಂಡನ್ನ ಅಕ್ಷರ:
ಹಡಗು. ವಿದ್ಯಾರ್ಥಿಗಳು ಮುಟ್ಟಬಾರದು.
ಮುಟ್ಟದಾವರು ಯಾರಿದ್ದಿವಿ?

ಬ್ಯಾಡಗಿ ಪೇಟಿ, ದಲಾಲಿ ಅಂಗಡಿ ಮಾಳಗಿ.
ಕೆಳಗ ಮೆಣಸಿನಕಾಯಿ ಚೀಲ ಸುರುವಿದರ
ಮ್ಯಾಲೆ ಇಡೀ ಬ್ಯಾಚು ಸೀನತಿತ್ತು.
ಚಪ್ಪಲಿ ಹೊರಗ. ಕಂಪ್ಯೂಟರಿಗೆ ಕಸೂತಿ ಗವಸು,
ತೆಗದರ ಒಳಗ ನಾಕು ಬಣ್ಣದ ಸಮುದ್ರ:
ಕರಿ, ಬಿಳಿ, ಗುಲಾಬಿ,
ಇನ್ನೊಂದಕ್ಕ ನಮ್ಮ ಕಡೆ ಹೆಸರಿಲ್ಲ.
ಮುಂದ ಕಾರವಾರದಾಗ ಖರೇ ಸಮುದ್ರ ನೋಡಿ
ಬಣ್ಣ ತಪ್ಪೈತಿ ಅಂದೆ. ನಮ್ಮ ಮನಿಯಾಕಿ ನಕ್ಕಳು.

ಈಗ ಹುಬ್ಬಳ್ಳಿ, ದಾಜಿಬಾನ ಪೇಟಿ, ರಿಪೇರಿ ಅಂಗಡಿ.
ಷಟರ್ ಅರ್ಧ ಇಳಿಸಿ ಕುಂತೆ.
ಒಂಬತ್ತು ಫ್ಲಾಪಿಗೆ ಬೂಷ್ಟು ಹಿಡದಿತ್ತು,
ಒಂದು ಕರಕರ ಅಂದು ಸುಮ್ಮನಾತು,
ಹಡಗು ಇದ್ದದ್ದು ಓದತು.

ಹೊಸಾ ಮಷಿನ್ನು ಮೊದಲ ಮಾತಿಗೇ ಅಂತು:
ಇದು ನನ್ನಾಗ ಓಡೂದಿಲ್ಲ.
ಪಾಸ್‌ಬುಕ್ ತಿರುವಿ ನೋಡದ ಬ್ಯಾಂಕಿನ ಹುಡುಗನಂಗ.
ಅದರ ಹೊಟ್ಟ್ಯಾಗ ಇನ್ನೊಂದು ಮಷಿನ್ನು ಕಟ್ಟಿದೆ,
ತಗಡಿಲ್ಲ, ತಂತಿ ಇಲ್ಲ, ಬರೇ ಮಾತಿಂದು.
ಇದು ತೊಂಬತ್ತೆರಡನೇ ಇಸವಿ ಅಂತ ಸುಳ್ಳು ಹೇಳಿದೆ.
ನಂಬತು, ಪಾಪ.

ಹಡಗು ಬಂತು, ಬಂದದ್ದೇ ಹೋತು.
ಕಣ್ಣು ಮಿಟಕೂದರಾಗ ಕಲ್ಲಿಗೆ ಬಡದು,
ಮುಳುಗಿ, ಹುಟ್ಟಿ, ಮತ್ತ ಮುಳುಗಿ
ನಾ ಬೆರಳು ಎತ್ತೂದರಾಗ ಏಳು ಸಲ ಸತ್ತಿತ್ತು.
ಹಳೇ ಆಟಕ್ಕ ಗಡಿಯಾರ ಇದ್ದಿಲ್ಲ ನೋಡ್ರಿ,
ಮಷಿನ್ನಿನ ಏದುಸಿರು ಎಣಿಸಿ ನಡೀತಿತ್ತು.
ಹೊಸಾದು ಏದೂದೇ ಇಲ್ಲ.
ಮೂರು ರಾತ್ರಿ ನಾ ಮಾಡಿದ್ದು ಇಷ್ಟು:
ನಲವತ್ತೆರಡು ಸಾವಿರದ ಲ್ಯಾಪ್‌ಟಾಪಿಗೆ
ಸಾವಕಾಶ ಅನ್ನೂದು ಕಲಿಸಿದ್ದು.
ಜೋರ್ ಓಡಲಿ ಅಂತ ಮಂದಿ ರೊಕ್ಕ ಕೊಡತಾರ, ಅಂದಳು ಮನಿಯಾಕಿ,
ನೀವು ಲೈಟ್ ಬಿಲ್ ಕೊಟ್ಟು ಇದನ್ನ ಮಾಡತೀರಿ.

ನಾಕನೇ ರಾತ್ರಿ ಹಡಗು ಅಲುಗಾಡಿಕೋತ ಬಂದರಕ್ಕ ಮುಟ್ಟತು.
ಟೋಪಿ ಸಾಹೇಬ ಅಡ್ಡ ನಿಂತು ಕೇಳಿದ:
ಪುಸ್ತಕದ ಇಪ್ಪತ್ಮೂರನೇ ಪುಟ,
ನಾಕನೇ ಸಾಲು, ಎರಡನೇ ಪದ?
ಪುಸ್ತಕ ಎಲ್ಲೈತಿ! ಝೆರಾಕ್ಸಿನ ಝೆರಾಕ್ಸು ಇತ್ತು,
ಅದನ್ನ ಇಲಿ ತಿಂದದ್ದು ಸರ್ ಇದ್ದಾಗಲೇ.

ಆವಾಗ ಉತ್ತರ ಹೊಡಿಯೂದು ಮಕ್ತುಂಬಿ ಕೆಲಸ.
ಇಂಗ್ಲಿಷ್ ಬರತಿದ್ದಿಲ್ಲ, ಟೈಪಿಂಗ್ ಬರತಿತ್ತು.

ಬಸ್ಸಿನ್ಯಾಗ ಲ್ಯಾಪ್‌ಟಾಪ್ ತೊಡಿ ಮ್ಯಾಲೆ ಇಟಕೊಂಡು ಹೋದೆ.
ಕೋಲ್ಡ್ ಸ್ಟೋರೇಜಿನ ಬಾಗಲದಾಗ ಕುಂತಾಳ,
ಏಪ್ರಿಲ್ ಬಿಸಲಾಗ ಉಲನ್ ಸ್ವೆಟರ್,
ಒಳಗ ಹೋಗೂ ಚೀಲ, ಹೊರಗ ಬರೂ ಚೀಲ ಬರಕೋತ.
ಹುಚ್ಚ ಅದೀಯೋ, ಅಂದಳು,
ಮೂವತ್ತು ವರ್ಷದ್ದು ಯಾರಿಗೆ ನೆನಪಿರತೈತಿ?
ನಿನ್ನಿ ಬರದದ್ದು ನೆನಪಿಲ್ಲ ನನಗ.

ಆದರೂ ಪೆನ್ನು ಇಟ್ಟಳು. ಚಷ್ಮಾ ಏರಿಸಿದಳು.
ಇಪ್ಪತ್ಮೂರಾ?
ಎಡ, ಬಲ, ಎಡ, ಬಲ, ಬಲ, ಎಡ.
ಆರು ಅಕ್ಷರ.
ಸಾಹೇಬ ಟೋಪಿ ತೆಗದ.

ಹ್ಯಾಂಗ ಗೊತ್ತಾತು?
ನನಗೆಲ್ಲಿ ಗೊತ್ತೈತಿ, ಅಂದು
ಬೆರಳು ತಾನೇ ತಿರುವಿ ತಿರುವಿ ನೋಡಿಕೊಂಡಳು.
ಆಮ್ಯಾಲೆ ಪರದೆ ಓದಿದಳು: ಆಂಕರ್.
ಆಂಕರ್ ಅಂದರ ಟೀವ್ಯಾಗ ಮಾತಾಡತಾರಲ್ಲ, ಅವರು?
ಅಲ್ಲ, ಹಡಗು ನಿಲ್ಲಸೂ ಕಬ್ಬಿಣ.
ಅಯ್ಯ ಶಿವನೇ, ಅಂದಳು, ಅದನ್ನ ಹೊಡದು ಹೊಡದು
ಎಷ್ಟು ಸಲ ಹಡಗು ಬಿಟ್ಟೀನಿ ನಾ.

ಗುಲಾಬಿ ನೀರಾಗ ಹಡಗು ಹೊಂಟತು.
ಆಕಿ ನೋಡಿ ನೋಡಿ ಅಂದಳು:
ಭಾಳ ಸಾವಕಾಶ ಆತಲ್ಲೋ ಇದು.
ಆವಾಗ ಹಿಂಗಿದ್ದಿಲ್ಲ.

ಹಿಂಗ ಇತ್ತು. ಲೆಕ್ಕ ಹಾಕೀನಿ,
ಏದುಸಿರಿಗೆ ಏದುಸಿರು ತಾಳಿ ನೋಡೀನಿ.
ಹೇಳಲಿಲ್ಲ. ಎರಡು ಗುಂಡಿ ಒತ್ತಿ
ಒಂದೀಟು ಏರಿಸಿದೆ.
ಹಾಂ, ಈಗ ಬರೋಬರಿ, ಅಂದಳು, ಬೆನ್ನು ನೆಟ್ಟಗ ಮಾಡಿ.

ಆಗ ಯಾರೋ ಹಮಾಲ ಹಿಂದ ಚೀಲ ಒಗದ.
ಇಬ್ಬರೂ ಸೀನಿದಿವಿ,
ಹಡಗು ಕಲ್ಲಿಗೆ.